ಆಚೆಯ ಎರಡು ತುದಿ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಯಂತ್ರಗಳು ಇನ್ನೂ ತಣ್ಣಗಿವೆ. ಬಾಗಿಲಿಗೆ ಬೆನ್ನು ಹಾಕಿ ನಿಂತಿರುವ ಹೆಂಗಸು ನಿನ್ನೆ ಒಣಗಿದ ಬೆಡ್‌ಶೀಟುಗಳನ್ನು ಮಡಿಚುತ್ತಿದ್ದಾರೆ. ಅಷ್ಟುದ್ದದ ಬಟ್ಟೆಗೆ ಇಬ್ಬರು ಬೇಕು. ಒಬ್ಬೊಬ್ಬರು ಎರಡೆರಡು ತುದಿ ಹಿಡಿದು, ಜೋರಾಗಿ ಒಮ್ಮೆ ಜಾಡಿಸಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಇವರ ವರಸೆಯೇ ಬೇರೆ. ಬಟ್ಟೆಯ ನಡುಭಾಗವನ್ನು ಗದ್ದದಡಿ ಒತ್ತಿ ಹಿಡಿದು, ಎರಡೂ ಕೈ ಚಾಚಿ, ಒಬ್ಬರೇ ಮಡಿಚಿ ಪಕ್ಕಕ್ಕಿಡುತ್ತಾರೆ. ಉಜ್ಜಿ ಉಜ್ಜಿ ಗದ್ದದ ಕೆಳಗಿನ ಚರ್ಮ ಕಪ್ಪುಗಟ್ಟಿದೆ.

"ಇನ್ನೊಬ್ರನ್ನ ಕರೆಯೋಷ್ಟರಲ್ಲಿ ಇನ್ನೆರಡು ಮಡಿಚಿರ್ತೀನಿ. ಕೆಟ್ಟ ಚಾಳಿ, ಬಿಡಬೇಕು ಅಂತಾನೇ ಇದೀನಿ," ಎನ್ನುತ್ತಾರೆ ಅವರು ಪತ್ರಿಕೆಯವರ ಪ್ರಶ್ನೆಗೆ, ಗದ್ದ ಎತ್ತದೆ.

ಕಾಗದದ ಮೇಲೆ ಅವರು ಲಾಂಡ್ರಿ ಮೇಲ್ವಿಚಾರಕಿ. ಬಾಯಿಮಾತಲ್ಲಿ ದೊಡ್ಡಕ್ಕ. ಅವರಿಗಿಂತ ಎರಡು ವರ್ಷ ಹಿರಿಯನಾದ ಇಸ್ತ್ರಿ ಯಂತ್ರದ ಕೆಲಸಗಾರನೂ ಹಾಗೇ ಕರೆಯುತ್ತಾನೆ. ಕೈಕೆಳಗೆ ಒಂಬತ್ತು ಜನ. ದಿನಕ್ಕೆ ಆರುನೂರ ನಲವತ್ತು ಬೆಡ್‌ಶೀಟು, ಅಷ್ಟೇ ದಿಂಬಿನ ಕವರು, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ರಾಶಿ ಬೇರೆ. ಒಂದು ಯಂತ್ರ ನಿಂತರೆ ಮೇಲಿನ ನಾಲ್ಕೂ ಮಹಡಿಯಿಂದ ಫೋನು. ಯಾರಾದರೂ ರಜೆ ಹಾಕಿದರೆ ಆ ಕೆಲಸವೂ ದೊಡ್ಡಕ್ಕನ ತಲೆಗೇ. ಹದಿನಾಲ್ಕು ವರ್ಷದಲ್ಲಿ ಅವರು ಒಬ್ಬರಿಗೂ ರಜೆ ಇಲ್ಲ ಅಂದವರಲ್ಲ, ತಮಗೊಂದು ರಜೆ ಕೇಳಿದವರೂ ಅಲ್ಲ. ಮೇಲಿನವರು ಇದನ್ನು ಮೆಚ್ಚಿ ಪ್ರಮಾಣಪತ್ರ ಕೊಟ್ಟಿದ್ದಾರೆ. ಬೇಕಾಗಿದ್ದದ್ದು ಇನ್ನಿಬ್ಬರು ಕೆಲಸಗಾರರು, ಸಿಕ್ಕಿದ್ದು ಗಾಜಿನ ಚೌಕಟ್ಟು.

ಹೋದ ವರ್ಷ ಇದೇ ತಿಂಗಳು ಅವರ ತಾಯಿ ಇದೇ ಆಸ್ಪತ್ರೆಯ ಮೂರನೇ ಮಹಡಿಗೆ ಸೇರಿದರು. ಉಸಿರಾಟದ ತೊಂದರೆ. ಲಾಂಡ್ರಿಯಲ್ಲಿ ಇಬ್ಬರು ರಜೆ, ದೊಡ್ಡ ಯಂತ್ರ ರಿಪೇರಿಯಲ್ಲಿ. ದೊಡ್ಡಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಒಂಬತ್ತು ದಿನ, ನೀರು ಕುಡಿದು ಬರ್ತೀನಿ ಅಂತ ಹೇಳಿ ಮೆಟ್ಟಿಲು ಹತ್ತಿ ಓಡುವುದು, ಐದು ನಿಮಿಷ ನಿಂತು ಓಡಿ ಬರುವುದು. ಕೆಳಗಿದ್ದ ಯಾರಿಗೂ ಗೊತ್ತಾಗಲಿಲ್ಲ.

ತಾಯಿಗೆ ಮಾತ್ರ ಜಂಬವೋ ಜಂಬ. "ಅಕ್ಕಪಕ್ಕದ ಮಂಚದೋರಿಗೆಲ್ಲ ಬೆಡ್‌ಶೀಟ್ ಮುಟ್ಟಿಸಿ, ನೋಡಿ, ಇದು ನನ್ನ ಮಗಳು ಒಗೆದಿದ್ದು ಅಂತ ಹೇಳ್ತಿದ್ರಂತೆ. ನರ್ಸಮ್ಮ ಹೇಳಿ ನಗ್ತಿದ್ರು," ಎಂದು ದೊಡ್ಡಕ್ಕನೂ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಒಂಬತ್ತನೇ ದಿನ ಅಜ್ಜಿಯ ಪಕ್ಕ ಕೂರುತ್ತಿದ್ದ ದೊಡ್ಡಕ್ಕನ ಮಗಳು ಪರೀಕ್ಷೆಗೆ ಹೋಗಿದ್ದಳು. ಹನ್ನೊಂದು ಗಂಟೆಗೆ ನರ್ಸ್ ಫೋನು ಮಾಡಿ, ನಿಮ್ಮಮ್ಮ ಕೇಳ್ತಿದ್ದಾರೆ ಬನ್ನಿ ಅಂದರು. "ಈ ಲೋಡ್ ಮುಗಿಸಿ ಬಂದೆ ಅಂದೆ. ಒಂದು ಲೋಡಿಗೆ ನಲವತ್ತೈದು ನಿಮಿಷ. ಮಧ್ಯದಲ್ಲಿ ಬಿಟ್ಟು ಹೋಗೋಕೆ ಆಗಲ್ಲ ಅಂತೇನಿಲ್ಲ. ಪಕ್ಕದಲ್ಲೇ ನಾಲ್ಕು ಜನ ಇದ್ರು. ಸ್ವಲ್ಪ ನೋಡ್ಕೊಳ್ಳಿ ಅಂದಿದ್ರೆ ಆಗ್ತಿತ್ತು. ಆ ಒಂದು ಮಾತು ನನ್ನ ಬಾಯಲ್ಲಿ ಬರಲಿಲ್ಲ."

ಅವರು ಮೇಲೆ ಹೋದಾಗ ತಾಯಿಯ ಮುಖಕ್ಕೆ ಬಟ್ಟೆ ಮುಚ್ಚಿತ್ತು. ಆ ಬಟ್ಟೆಯೂ ಅವರೇ ಮಡಿಚಿದ್ದು.

ಅಮ್ಮ ತೀರಿಕೊಂಡರು ಎಂದಷ್ಟೇ ಕೆಳಗಿನವರಿಗೆ ಹೇಳಿ, ನಾಲ್ಕನೇ ದಿನಕ್ಕೆ ಕೆಲಸಕ್ಕೆ ಬಂದರು. ಆರನೇ ದಿನ, ಆಗಲೇ ಒಗೆದು, ಇಸ್ತ್ರಿಯಾಗಿ, ಅಟ್ಟಿ ಕಟ್ಟಿಟ್ಟಿದ್ದ ಬೆಡ್‌ಶೀಟುಗಳನ್ನೇ ಬಿಚ್ಚಿ ಬಿಚ್ಚಿ ಮತ್ತೆ ಯಂತ್ರಕ್ಕೆ ತುಂಬತೊಡಗಿದರು. ಎರಡು ಲೋಡು ಹಾಗೇ ಹೋಯಿತು. ಒಂಬತ್ತು ಜನವೂ ನೋಡುತ್ತಾ ನಿಂತರು. ದೊಡ್ಡಕ್ಕನಿಗೆ ತಪ್ಪು ಹೇಳುವುದು ಹೇಗೆ? ಕೊನೆಗೆ ಇಸ್ತ್ರಿಯವನು ಬಂದು ಯಂತ್ರದ ಗುಂಡಿ ಆರಿಸಿದ.

"ಅಕ್ಕಾ, ಇದು ಒಗೆದಿರೋದು ಕಣಕ್ಕಾ."

"ಗೊತ್ತು," ಎಂದು ದೊಡ್ಡಕ್ಕ ಮತ್ತೆ ಗುಂಡಿ ಒತ್ತಿದರು. ಅವನು ಮತ್ತೆ ಆರಿಸಿದ. ಆಗ ಅವರು ಒದ್ದೆ ನೆಲದ ಮೇಲೆ ಕುಸಿದು ಕೂತರು. ತಾಯಿ ಮೂರನೇ ಮಹಡಿಯಲ್ಲಿದ್ದ ಸಂಗತಿ ಅವತ್ತು ಹೊರಬಿತ್ತು. ಒಂಬತ್ತೂ ಜನಕ್ಕೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು.

"ನನ್ನ ಮಗುವಿಗೆ ಜ್ವರ ಅಂದಾಗೆಲ್ಲ ಮನೆಗೆ ಕಳಿಸಿದ್ರು," ಎನ್ನುತ್ತಾಳೆ ಮಡಿಚುವ ಮೇಜಿನ ಕನ್ನಡಕದಾಕೆ. "ನಮಗೆ ಒಂದು ಮಾತು ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು? ನಾವೇನು ಪರಕೀಯರಾ? ಇವತ್ತಿಗೂ ನಂಗೆ ಕೋಪ ಇದೆ, ಬರೆದುಕೊಳ್ಳಿ."

ಇಸ್ತ್ರಿಯವನೇ ಅವರನ್ನು ಮೊದಲ ಮಹಡಿಯ ಆಪ್ತಸಮಾಲೋಚಕಿಯ ಕೋಣೆವರೆಗೆ ಬಿಟ್ಟುಬಂದ. "ತಲೆ ಕೆಟ್ಟೋರು ಹೋಗೋ ಜಾಗ ಅಂದ್ಕೊಂಡಿದ್ದೆ," ಎನ್ನುತ್ತಾರೆ ದೊಡ್ಡಕ್ಕ. "ಹೊರಗಡೆ ಬೆಂಚಲ್ಲಿ ಯಾರು ಕೂತಿದ್ರು ಗೊತ್ತಾ? ಹೆರಿಗೆ ವಾರ್ಡಿನ ಹೆಡ್ ನರ್ಸು! ಇಡೀ ಆಸ್ಪತ್ರೆ ಹೆದರೋ ಹೆಂಗಸು. ಇಬ್ರೂ ಮುಖ ಮುಖ ನೋಡ್ಕೊಂಡ್ವಿ. ನೀವೂನಾ ಅಂದ್ರು, ನೀವೂನಾ ಅಂದೆ. ಒಳಗೆ ಹೋಗಿ ಮೊದಲೆರಡು ಸಲ ಬರೀ ಅತ್ತೆ. ಒಳಗಿದ್ದ ಆ ಸಮಾಲೋಚಕಿ ಅಮ್ಮ ಒಂದ್ಸಲನೂ ಗಡಿಯಾರ ನೋಡಲಿಲ್ಲ."

ಬುಧವಾರ ಬುಧವಾರ ಹೋಗಿಬರುತ್ತಾರೆ. ಅದರಿಂದ ತಾಯಿ ವಾಪಸು ಬಂದಿಲ್ಲ, ನಲವತ್ತೈದು ನಿಮಿಷವೂ ಬಂದಿಲ್ಲ. ಮೂರನೇ ಮಹಡಿಯ ಬಟ್ಟೆಗಂಟನ್ನು ಬಿಚ್ಚಲು ಅವರಿಂದ ಈಗಲೂ ಆಗುವುದಿಲ್ಲ. ಕನ್ನಡಕದಾಕೆ ಕೇಳದೆಯೇ ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಲಾಂಡ್ರಿಯಲ್ಲಿ ಒಂದು ಹೊಸ ಪದ್ಧತಿ ಮಾತ್ರ ಬಂದಿದೆ. ಯಂತ್ರ ಶುರುವಾಗುವ ಮೊದಲು ಹತ್ತೂ ಜನ ಮೇಜಿನ ಸುತ್ತ ನಿಂತು, ಅವರವರ ಮನೆಯ ಭಾರ ಏನಿದೆ ಅಂತ ಒಂದೊಂದು ಮಾತು ಹೇಳಬೇಕು. ತಂದದ್ದು ದೊಡ್ಡಕ್ಕನೇ. ತಮ್ಮ ಸರದಿ ಬಂದಾಗ, ನಂದೇನಿಲ್ಲ ಬಿಡಿ, ಎಂದು ಜಾರಿಕೊಳ್ಳುವವರೂ ಅವರೇ.

ಆರು ಗಂಟೆ. ಎಲ್ಲರೂ ಬಂದಿದ್ದಾರೆ. ಒಬ್ಬಳ ಗಂಡನಿಗೆ ಕೆಲಸ ಹೋಗಿದೆ, ಇಸ್ತ್ರಿಯವನಿಗೆ ಹಲ್ಲುನೋವು. ಕೊನೆಗೆ ಸರದಿ ದೊಡ್ಡಕ್ಕನಿಗೆ ಬರುತ್ತದೆ. ಗದ್ದದಡಿಯಲ್ಲಿ ಇನ್ನೂ ಒಂದು ಬೆಡ್‌ಶೀಟು ಇದೆ. ಯಾರೂ ಅವಸರ ಮಾಡುವುದಿಲ್ಲ.

"ಇವತ್ತಿಗೆ ಒಂದು ವರ್ಷ ಆಯ್ತು, ಅಮ್ಮ ಹೋಗಿ," ಎನ್ನುತ್ತಾರೆ. ಮಾತಾಡಲು ಗದ್ದ ಎತ್ತಿದ್ದರಿಂದ ಬೆಡ್‌ಶೀಟು ಜಾರಿ ಕೆಳಗಿಳಿಯುತ್ತದೆ. "ಹನ್ನೊಂದು ಗಂಟೆಗೆ ನಾನು ಮೇಲೆ ಹೋಗಿ ಆ ಮಂಚದ ಹತ್ರ ಸ್ವಲ್ಪ ಹೊತ್ತು ನಿಂತು ಬರಬೇಕು. ಲೋಡ್ ನೀವು ನೋಡ್ಕೊಳ್ಳಿ." ಆಮೇಲೆ ಕನ್ನಡಕದಾಕೆಯ ಕಡೆ ತಿರುಗುತ್ತಾರೆ. "ಬಾರೇ, ಆ ಕಡೆ ಎರಡು ತುದಿ ಹಿಡ್ಕೋ. ನನ್ನಿಂದ ಆಗ್ತಿಲ್ಲ."

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ತುದಿ ಹಿಡಿಯುತ್ತಾಳೆ. ಇಬ್ಬರೂ ಜಾಡಿಸುತ್ತಾರೆ, ನಡೆದು ಬಂದು ತುದಿಗೆ ತುದಿ ಕೂಡಿಸುತ್ತಾರೆ.

ನಿವೃತ್ತಿಗೆ ಇನ್ನು ಮೂರು ವರ್ಷ ಇದೆ. ಆಮೇಲಿನ ಆಸೆ ಏನು ಎಂದರೆ ದೊಡ್ಡಕ್ಕ ಮಡಿಚಿದ ಬಟ್ಟೆಯನ್ನು ಅಂಗೈಯಿಂದ ಒತ್ತಿ ಸಮ ಮಾಡುತ್ತಾ ಹೇಳುತ್ತಾರೆ: "ನಾನು ಹೋದ್ಮೇಲೆ, ಪಾಪ ಎಲ್ಲಾನೂ ಒಬ್ಬಳೇ ಮಾಡ್ತಿದ್ಲು ಅಂತ ಯಾರೂ ನನ್ನ ಹೊಗಳೋದು ಬೇಡ. ಆ ಹೊಗಳಿಕೆ ನಂಬ್ಕೊಂಡೇ ನಾನು ನಮ್ಮಮ್ಮನ್ನ ಒಬ್ಬಳನ್ನೇ ಕಳಿಸಿಬಿಟ್ಟೆ."