ಸುತ್ತಿಗೆ ಕೆಳಗಿಳಿಯುವ ತನಕ

ತಗಡಿನ ಟ್ರಂಕು ಮಾಡುವ ಮೇಸ್ತ್ರಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಗುಡುಗು ಎಂದು. ಅದರಲ್ಲಿ ಅವನ ತಪ್ಪೇನಿದೆ? ಹುಟ್ಟಿದಾಗಿನಿಂದ ತಗಡು ಬಡಿಯುವ ಸದ್ದಿನಲ್ಲಿ ಬೆಳೆದವನು ಪಿಸುಮಾತು ಕಲಿಯುವುದಾದರೂ ಎಲ್ಲಿ? ಅವನು ಹೆಂಡತಿಯ ಹತ್ತಿರ ನೀರು ಕೇಳಿದರೆ ಪಕ್ಕದ ಮನೆಯಾಕೆ ಲೋಟಕ್ಕೆ ಕೈ ಹಾಕುತ್ತಿದ್ದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಐದನೇ ಕ್ಲಾಸಿನ ಮಗಳು ಶಾಲೆಯಿಂದ ಬಂದವಳೇ ತಗಡಿನ ತುದಿ ಹಿಡಿದು ಕೂರುವಳು, ಅಪ್ಪ ಅಂಚು ಮಡಿಚಿ ಬಡಿಯುವನು. ಹಿಡಿದರೆ ಬಿಡದ ಅವಳ ಪಟ್ಟನ್ನು ಮೆಚ್ಚಿ ಅವನು ಇಟ್ಟ ಹೆಸರು ಇಕ್ಕಳ. ಆ ಅಂಗಡಿಯಲ್ಲಿ ಒಂದೇ ಒಂದು ಕಟ್ಟುನಿಟ್ಟು. ಸುತ್ತಿಗೆ ಮೇಲಿರುವಾಗ ಯಾರೂ ಬಾಯಿ ಬಿಡಕೂಡದು. ಕರೆದರೂ ಓಗೊಡಕೂಡದು. ಸುತ್ತಿಗೆ ತಗಡು ಬಡಿಯುವ ಅಡಿಗಲ್ಲಿನ ಮೇಲೆ ಮಲಗಿದ ಮೇಲೆಯೇ ಮಾತು. ಚಿಕ್ಕವನಿದ್ದಾಗ ಗುಡುಗು ತಗಡು ಹಿಡಿದು ಕೂತು, ಚಿಕ್ಕಪ್ಪ ಸುತ್ತಿಗೆ ಎತ್ತಿದ ಹೊತ್ತಿಗೇ ಏನೋ ಕೇಳಿದ್ದ. ಚಿಕ್ಕಪ್ಪ ತಿರುಗಿ ನೋಡಿದ. ಅಷ್ಟೇ. ಎಡಗೈ ತೋರುಬೆರಳಿನ ತುದಿ ಹೋಯಿತು. ಮಾತಾಡಿದವನೂ ಇವನೇ, ಬೆರಳು ಕಳೆದುಕೊಂಡವನೂ ಇವನೇ. ಇನ್ನು ಯಾರನ್ನು ಬೈಯುವುದು?

ಆ ದಿನ ಬೆಳಿಗ್ಗೆ ಶಾಲೆಯಿಂದ ಕರೆ ಬಂದಿತ್ತು. ಮಗಳನ್ನು ಹಿಂದಿನ ಕೋಣೆಗೆ ಹಾಕುತ್ತಾರಂತೆ, ಬಂದು ರುಜು ಹಾಕಬೇಕಂತೆ. ಹಿಂದಿನ ಕೋಣೆ ಎಂದರೆ ಶಾಲೆಯಲ್ಲಿ ತಲೆಗೆ ಹತ್ತದ ಮಕ್ಕಳನ್ನು ಕೂರಿಸುವ ಜಾಗ. ಕಾಗದ ಕತ್ತರಿಸಿ ಅಂಟಿಸುವುದೇ ಅಲ್ಲಿನ ವಿದ್ಯೆ. ಅದರೊಳಗೆ ಹೋದ ಮಗು ಮತ್ತೆ ಮುಂದಿನ ಕ್ಲಾಸು ಕಂಡದ್ದನ್ನು ಬೀದಿಯವರು ಯಾರೂ ನೋಡಿಲ್ಲ.

ಹೆಂಡತಿ ಬಾಗಿಲವರೆಗೂ ಬಂದಳು. "ನೋಡಿ, ನಿಮಗೆ ಕೈ ಮುಗಿತೀನಿ. ಅಲ್ಲಿ ಹೋಗಿ ಗುಡುಗಬೇಡಿ. ನಿಮ್ಮ ಸಿಟ್ಟು ನಿಮಗೇನೂ ಮಾಡಲ್ಲ, ಅವಳ ತಲೆ ಮೇಲೆ ಬೀಳುತ್ತೆ."

"ನಾನ್ಯಾಕೆ ಗುಡುಗಲಿ?" ಎಂದು ಅವನು ಗುಡುಗಿದ.

ಶಾಲೆಯ ದೊಡ್ಡ ಮೇಡಂ ಕೋಣೆಯಲ್ಲಿ ಮೇಜಿನಾಚೆ ಮೇಡಂ, ಗೋಡೆಯ ಹತ್ತಿರ ಈ ವರ್ಷ ಹೊಸದಾಗಿ ಬಂದ ಲೆಕ್ಕದ ಮೇಷ್ಟ್ರು. ಅವರ ಕೈಯಲ್ಲಿ ಬೋರ್ಡು ತೋರಿಸುವ ತೆಳ್ಳನೆಯ ಕೋಲು. ಮೂಲೆಯಲ್ಲಿ ಇಕ್ಕಳ, ತಲೆ ತಗ್ಗಿಸಿಕೊಂಡು.

"ಬರೆಯೋದೆಲ್ಲ ಸರಿಯಾಗೇ ಬರೀತಾಳೆ," ಎಂದರು ಮೇಷ್ಟ್ರು. "ಬಾಯಲ್ಲಿ ಕೇಳಿದ್ರೆ ಒಂದಕ್ಷರ ಇಲ್ಲ. ಅಂದ್ರೆ ಏನರ್ಥ? ಪಕ್ಕದವಳದು ನೋಡಿ ಬರೀತಾಳೆ."

"ನನ್ನ ಮಗಳು ಕದಿಯೋಳಲ್ಲ!"

ಮೇಡಂ ಬೆಚ್ಚಿದರು. "ಇಲ್ಲಿ ಜಗಳ ಆಡಬೇಡಿ. ಮೆಲ್ಲಗೆ ಮಾತಾಡಿ."

"ಇದೇ ನನ್ನ ಮೆಲ್ಲಗಿನ ದನಿ ಮೇಡಮ್ಮೋರೇ. ಜಗಳದ ದನಿ ಬೇರೆ ಇದೆ."

ಮೇಷ್ಟ್ರು ಸಣ್ಣಗೆ ನಕ್ಕರು. "ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ನಿಮ್ಮಂಥ ಮನೆ ಮಕ್ಕಳಿಗೆ ತಲೆಗಿಂತ ಕೈ ಚುರುಕು. ಅಲ್ಲಿ ಕೈಕೆಲಸ ಹೇಳ್ಕೊಡ್ತಾರೆ, ಒಳ್ಳೇದೇ ಆಯ್ತಲ್ಲ?"

ಗುಡುಗಿಗೆ ಕಿವಿ ಬಿಸಿಯಾಯಿತು. ಅವನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಇದೇ ಮಾತನ್ನು ಇನ್ನೊಬ್ಬ ಮೇಷ್ಟ್ರು ಅವನ ಅಪ್ಪನಿಗೆ ಹೇಳಿದ್ದರು. ಅಪ್ಪ ತಲೆಯಾಡಿಸಿ ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದ. ಈಗ ಇವನ ಮುಂದೆ ಕಾಗದ, ಕಾಗದದ ಮೇಲೆ ಪೆನ್ನು. ಮೇಜನ್ನೇ ಮಗುಚಿ ಹಾಕಲೇ ಎನ್ನಿಸಿತು. ಹೆಂಡತಿಯ ಮುಖ ನೆನಪಾಗಿ ಹಲ್ಲು ಕಚ್ಚಿ ನಿಂತ.

"ನನ್ನ ಕಣ್ಣೆದುರಿಗೇ ಒಂದ್ಸಲ ಕೇಳಿ," ಎಂದ. "ಬಾಯಿ ಬಿಡದಿದ್ರೆ ರುಜು ಹಾಕಿ ಹೋಗ್ತೀನಿ."

ಮೇಷ್ಟ್ರು ಕೋಲು ಎತ್ತಿ ಅವಳ ಕಡೆ ಹಿಡಿದರು. "ಹೇಳು, ಹದಿನೇಳು ಎಂಟ್ಲ?"

ಇಕ್ಕಳ ತಲೆಯೆತ್ತಿದಳು. ತುಟಿ ಬಿಚ್ಚಲಿಲ್ಲ. ಹೊರಗೆ ಯಾವುದೋ ಕ್ಲಾಸಿನ ಮಕ್ಕಳು ಒಟ್ಟಿಗೆ ಪಾಠ ಒದರುತ್ತಿದ್ದರು. ಕೋಲು ಹಾಗೇ ನಿಂತಿತ್ತು.

"ಹೇಳೇ ಮಗಾ," ಎಂದ ಗುಡುಗು. ಈ ಸಲ ಅವನ ದನಿ ನಿಜವಾಗಿಯೂ ಸಣ್ಣದಾಗಿತ್ತು.

ಅವಳು ಅಪ್ಪನ ಕಡೆ ತಿರುಗಲೂ ಇಲ್ಲ. ಮೇಡಂ ನಿಟ್ಟುಸಿರು ಬಿಟ್ಟು ಕಾಗದವನ್ನು ಇವನ ಕಡೆ ಸರಿಸಿದರು. ಇವನು ಪೆನ್ನು ಎತ್ತಿಕೊಂಡ. ಮೊಂಡು ಬೆರಳಿನಿಂದ ಕಾಗದ ಒತ್ತಿ ಹಿಡಿದ. ಕೊನೆಯ ಸಲವೆಂಬಂತೆ ಮಗಳ ಮುಖ ನೋಡಿದ.

ಅವಳು ಮೇಷ್ಟ್ರ ಮುಖ ನೋಡುತ್ತಿರಲಿಲ್ಲ. ಕೋಲಿನ ತುದಿ ನೋಡುತ್ತಿದ್ದಳು. ರೆಪ್ಪೆ ಬಡಿಯದೆ, ಉಸಿರು ಹಿಡಿದು. ಆ ನೋಟ ಅವನಿಗೆ ಗೊತ್ತು. ದಿನಾ ಸಂಜೆ ತಗಡಿನ ಆಚೆ ತುದಿಯಿಂದ ಅವನ ಸುತ್ತಿಗೆಯನ್ನು ಅವಳು ನೋಡುವುದು ಹೀಗೆಯೇ.

ಪೆನ್ನು ಕೆಳಗೆ ಬಿತ್ತು. "ಕೋಲು ಕೆಳಗಿಡಿ ಮೇಷ್ಟ್ರೇ!"

ಮೇಷ್ಟ್ರ ಮುಖ ಕೆಂಪಾಯಿತು. "ಏನ್ರೀ ಇದು? ನಾನು ಮಕ್ಕಳಿಗೆ ಹೊಡೆಯೋನಲ್ಲ."

"ಹೊಡೀತೀರಿ ಅಂದ್ನಾ ನಾನು? ಇಡಿ ಸ್ವಾಮಿ. ಮೇಜಿನ ಮೇಲೆ ಮಲಗಿಸಿ. ನಿಮ್ಮ ಕಾಲಿಗೆ ಬೀಳಬೇಕಾ?"

"ಇಟ್ಬಿಡಿ ಸಾರ್, ನೋಡೋಣ," ಎಂದರು ಮೇಡಂ.

ಕೋಲು ಟಕ್ಕೆಂದು ಮೇಜಿಗೆ ತಾಗಿತು.

"ನೂರಾ ಮೂವತ್ತಾರು!"

ಕಿಟಕಿಯ ಗಾಜು ಝಣಗುಟ್ಟಿತು. ಮೇಡಂ ಕಿವಿ ಮುಚ್ಚಿಕೊಂಡರು. ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಹದಿನೆಂಟು ಕೇಳಿದರು, ಹತ್ತೊಂಬತ್ತು ಕೇಳಿದರು. ಪ್ರತಿಯೊಂದಕ್ಕೂ ಅದೇ ಗಂಟಲಿನಲ್ಲಿ ಉತ್ತರ. ಹತ್ತೊಂಬತ್ತರ ಮಗ್ಗಿ ಪೂರ್ತಿ ಒಪ್ಪಿಸು ಎಂದರು. ಅವಳು ಒಪ್ಪಿಸುತ್ತಾ ಹೋದ ಹಾಗೆ ಅವರ ಕೈ ಅಭ್ಯಾಸಬಲದಿಂದ ಕೋಲು ಹುಡುಕಿ ಮೇಲೆತ್ತಿತು. ಏಳರ ಹತ್ತಿರ ಬಂದಿದ್ದ ಮಗ್ಗಿ ಕತ್ತರಿಸಿದ ಹಾಗೆ ನಿಂತುಹೋಯಿತು.

ಮೇಷ್ಟ್ರು ಅವಳನ್ನು ನೋಡಿದರು, ಕೋಲನ್ನು ನೋಡಿದರು. ಗುಡುಗು ಎಡಗೈ ಮುಂದೆ ಚಾಚಿ ಆ ಮೊಂಡು ಬೆರಳು ತೋರಿಸಿದ. ಆಮೇಲೆ ಅಂಗಡಿಯ ಕಟ್ಟುನಿಟ್ಟು ಹೇಳಿದ. ಮೇಡಂ ಕಾಗದವನ್ನು ಮಡಿಚಿ ಡ್ರಾಯರಿಗೆ ಹಾಕಿದರು. ಹರಿದು ಹಾಕಲಿಲ್ಲ. "ಈ ವಾರ ನೋಡೋಣ," ಎಂದರು.

ಹೊರಗೆ ಇಕ್ಕಳ ಕೇಳಿದಳು, "ನಾನು ತಪ್ಪು ಮಾಡಿದ್ನಾಪ್ಪಾ?"

"ಇಲ್ಲ ಕಣೇ. ಇಲ್ಲಿ ಕೋಲು ಮೇಲಿದ್ರೂ ಹೇಳಬಹುದು. ಅದು ಬೀಳಲ್ಲ."

"ಬಿದ್ರೆ?"

ಅವನು ಅವಳ ಭುಜ ಹಿಡಿದು ಕ್ಲಾಸಿನ ಕಡೆ ತಿರುಗಿಸಿದ. ಅವಳು ಕ್ಲಾಸಿಗೆ ಹೋದಳು. ಅವನು ಗೇಟಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಹಿಂದಿರುಗಿ ಬಂದು, ಕಳ್ಳನಂತೆ ಕಿಟಕಿಯ ಮಗ್ಗುಲಲ್ಲಿ ನಿಂತ. ಮೇಷ್ಟ್ರು ಕೋಲೆತ್ತಿ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಅವಳ ಸರದಿ ಬಂತು. ಕೋಲು ಮೇಲೆಯೇ ಇತ್ತು. ಅವಳ ಬಾಯಿ ಅರ್ಧ ತೆರೆದು ಮುಚ್ಚಿಕೊಂಡಿತು. ಕೋಲು ಇಡಿ ಎಂಬ ಕೂಗು ಗುಡುಗಿನ ನಾಲಿಗೆಯ ತುದಿಗೆ ಬಂತು. ಅವನು ತನ್ನ ಬಾಯಿಯನ್ನು ಅಂಗೈಯಿಂದ ಅದುಮಿ ಹಿಡಿದ.

ಮೇಷ್ಟ್ರು ಮುಂದಿನವಳ ಕಡೆ ತಿರುಗಿದವರು ಅರೆಗಳಿಗೆ ನಿಂತರು. ಹಿಂದಕ್ಕೆ ಬಂದರು. ಕೋಲನ್ನು ಅವಳ ಡೆಸ್ಕಿನ ಮೇಲೆಯೇ ಮಲಗಿಸಿದರು.

ಅವಳ ಉತ್ತರ ಗೇಟಿನ ಕಾವಲುಗಾರನಿಗೂ ಕೇಳಿಸಿತು.