ಟ್ವೈಲೈಟಿಗೆ ಸೋತ ದಿನ

ಬೆಳಿಗ್ಗೆ ಒಂಬತ್ತಕ್ಕೆ ನನ್ನೆದುರು ಹನ್ನೊಂದು ಜನ ಆಕಳಿಸುತ್ತಾ ಕೂತಿದ್ದರು. ಅವರಿಗೆ ಅದು ಮಲಗುವ ಹೊತ್ತು. ಎಲ್ಲರೂ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರು. ರಾತ್ರಿಪಾಳಿ ಮುಗಿಸಿ, ಯಲಹಂಕದ ಬೇಕರಿಯೊಂದರ ಮೇಲಿನ ಕೋಣೆಗೆ ಇಂಗ್ಲಿಷ್ ಕಲಿಯಲು ಬರುತ್ತಿದ್ದರು. ನಮ್ಮ ಲಿಂಗಸುಗೂರಿನಲ್ಲಿ ಆ ಹೊತ್ತಿನಲ್ಲಿ ಮಲಗಿದರೆ ಜ್ವರ ಬಂತೇ ಎಂದು ಹಣೆ ಮುಟ್ಟಿ ನೋಡುತ್ತಾರೆ.

ಬೆಂಗಳೂರು ನನಗಿನ್ನೂ ಹೊಸದು. ಪಿಜಿಯಲ್ಲಿ ರೊಟ್ಟಿ ಅಂದರೆ ಅಕ್ಕಿಯದು, ಜೋಳ ಎಂದರೆ ಮುಸುಕಿನ ಜೋಳ. ಕೆಲಸ ಗಟ್ಟಿಯಾದರೆ ಅದನ್ನೂ ಸಹಿಸಬಹುದಿತ್ತು. ಮೊದಲು ಪರೀಕ್ಷೆಗೆಂದು ಮೂರು ದಿನ ಪಾಠ ಮಾಡಬೇಕು. ವಿದ್ಯಾರ್ಥಿಗಳು ಉಳಿದರೆ ನೌಕರಿ, ಇಲ್ಲದಿದ್ದರೆ ಊರಿನ ಬಸ್ಸು.

ಮೊದಲ ಪಾಠ, ರಾತ್ರಿಯ ಪದಗಳು. ಈವ್ನಿಂಗ್, ಟ್ವೈಲೈಟ್, ಡಸ್ಕ್, ನೈಟ್, ಮಿಡ್‌ನೈಟ್ ಎಂದು ಬೋರ್ಡಿನ ಮೇಲೆ ಬರೆದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳಿಗೆ ಬರೀ ಅರ್ಥ ಹೇಳಿದರೆ ಸಾಕಾಗುತ್ತದೆಯೇ? "ಟ್ವೈಲೈಟೂ ಡಸ್ಕೂ ಒಂದೇ ಮುಸ್ಸಂಜೆ. ಎರಡು ಪದ ಯಾಕೆ? ಒಂದು ದಂಡ!" ಎಂದು ತೀರ್ಪು ಕೊಟ್ಟೆ.

ಅಲ್ಲೇ ಪಕ್ಕದ ಕೋಗಿಲು ಊರಿನ ಲೋಕೇಶ್ ಕೈ ಎತ್ತಿದ. "ಅಂಗಲ್ಲ ಮೇಡಂ..."

ಚರ್ಚಾಸ್ಪರ್ಧೆಯಂತೆ ಮೂರು ಅಂಶ ಮಂಡಿಸಿ ಅವನ ಬಾಯಿ ಮುಚ್ಚಿಸಿದೆ. ಮರುದಿನ ಬಂದವರು ಏಳು ಜನ. ಸಂಸ್ಥೆ ನಡೆಸುವ ಸುಜಾತಾ ಮೇಡಂ ಬೆಂಚು ಎಣಿಸಿ ಹೇಳಿದರು: "ವಾದ ಗೆದ್ರಿ ಕಣ್ರೀ. ಅದಕ್ಕೇ ನಾಲ್ಕು ಜನ ಕಮ್ಮಿ."

ಮೂರನೆಯ ದಿನ ಬೋರ್ಡಿನ ಮೇಲೆ ಚರ್ಚೆಯ ವಿಷಯ ಬರೆದೆ: ಟ್ವೈಲೈಟ್ ಬೇಡ. ಪರ ನಾನು, ವಿರೋಧ ಅವರು. ಇಂಗ್ಲಿಷಿನಲ್ಲೇ ಮಾತು, ನಡುವೆ ಬಾಯಿ ಹಾಕುವುದಿಲ್ಲವೆಂದು ಮಾತು ಕೊಟ್ಟೆ.

ಲೋಕೇಶ್ ಎದ್ದು ಗಂಟಲು ಸರಿಮಾಡಿಕೊಂಡ. "ಮೇಡಂ, ಟ್ವೈಲೈಟ್ ಟೈಮ್, ಎಬ್ಬಾಳ ಫ್ಲೈಓವರ್. ಎಡ್‌ಲೈಟ್ ಆನ್, ನೋ ಯೂಸ್. ಎಡ್‌ಲೈಟ್ ಆಫ್, ಡೇಂಜರ್. ಲಾಸ್ಟಲ್ಲಿ ಡಸ್ಕ್. ದೆನ್ ಎಡ್‌ಲೈಟ್ ಮಸ್ಟ್!"

"ಸೂಪರ್ ಗುರು!" ಹಿಂದಿನ ಬೆಂಚು ಕೂಗಿತು.

"ಇಂಗ್ಲಿಷಲ್ಲಿ ಕೂಗ್ರೋ!" ಎಂದ ಲೋಕೇಶ್.

ನಾನು ಸುಮ್ಮನೆ ಒಪ್ಪುವವಳಲ್ಲ, ನಿಘಂಟು ತೆರೆದೆ. ಡಸ್ಕ್ ಎಂದರೆ ಟ್ವೈಲೈಟಿನ ಕೊನೆಯ, ಹೆಚ್ಚು ಕತ್ತಲಾದ ಭಾಗ. ಮನೆಯಂಗಳದಲ್ಲಿ ಕೂತು ಸಂಜೆ ಕಂಡವಳಿಗೆ ಎರಡೂ ಒಂದೇ. ಸ್ಟೀರಿಂಗ್ ಹಿಡಿದವನಿಗೆ ಆ ವ್ಯತ್ಯಾಸ ಜೀವದ ಪ್ರಶ್ನೆ.

"ಐ ಲಾಸ್ಟ್," ಎಂದೆ.

ಕೋಣೆ ಶಿಳ್ಳೆಯಿಂದ ತುಂಬಿತು. ಲೋಕೇಶ್ ಆಗಲೇ ಫೋನು ಕಿವಿಗಿಟ್ಟಿದ್ದ: "ಲೇ ಮಗಾ, ಮೇಡಂ ಸೋತ್ರು! ಎದ್ ಬಾರೋ!" ಪಾಠ ಮುಗಿಯುವಷ್ಟರಲ್ಲಿ ಬಿಟ್ಟುಹೋದ ನಾಲ್ವರೂ ಹಾಜರು, ಒಬ್ಬ ಲುಂಗಿಯಲ್ಲೇ.

ಸುಜಾತಾ ಮೇಡಂ ಮತ್ತೆ ಬೆಂಚು ಎಣಿಸಿದರು. "ನಾಳೆಯಿಂದ ಪರ್ಮನೆಂಟಾಗಿ ಬನ್ನಿ. ಆಗಾಗ ಸೋಲ್ತಾ ಇರಿ."

ಮೆಟ್ಟಿಲಿಳಿಯುವ ಮೊದಲೇ ಊರಿಗೆ ಫೋನ್ ಹಚ್ಚಿದೆ. "ಭಾಳ ಚಲೋ ಆತು. ಊರಿಗೆ ಯಾವಾಗ ಬರ್ತಿ?" ಎಂದು ಅವ್ವ ಕೇಳಿದಳು.

"ನೋಡ್ತೀನಿ ಕಣಮ್ಮಾ," ಅಂದುಬಿಟ್ಟೆ.

ಅವ್ವ ಜೋರಾಗಿ ನಕ್ಕಳು. "ಇಷ್ಟ ಲಗೂನ ನಾ ನಿನಗ ಅಮ್ಮ ಆದ್ನೇನವಾ?"

ನನಗೂ ನಗು ತಡೆಯಲಾಗಲಿಲ್ಲ. "ಸೋತೆನವ್ವಾ," ಎಂದೆ.