ಮರಿಲಿಂಗಮ್ಮನ ಮೊದಲ ಕೊಡ

ನಮ್ಮ ಊರಿನಲ್ಲಿ ನನ್ನಷ್ಟು ದೊಡ್ಡ ದನಿಯ ಮನುಷ್ಯ ಇನ್ನೊಬ್ಬನಿಲ್ಲ. ನೀರು ಬಿಡುವ ದಿನ ಆಟೋಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗುತ್ತೇನೆ. 'ಸಾರ್ವಜನಿಕರಲ್ಲಿ ವಿನಂತಿ. ನಳದ ಪೈಪಿಗೆ ನೇರವಾಗಿ ಮೋಟಾರು ಅಳವಡಿಸತಕ್ಕದ್ದಲ್ಲ. ಚರಂಡಿಯ ಒಳಗಿನಿಂದ ನಳದ ಪೈಪು ಹಾಯಿಸತಕ್ಕದ್ದಲ್ಲ. ನೀರು ಬಿಟ್ಟ ಮೊದಲ ಹತ್ತು ನಿಮಿಷದ ನೀರನ್ನು ಕುಡಿಯಲು ಉಪಯೋಗಿಸತಕ್ಕದ್ದಲ್ಲ.' ಐಟಿಐ ಫಿಟ್ಟರ್ ಪಾಸಾಗಿ ನೀರಿನ ವಿಭಾಗಕ್ಕೆ ಗುತ್ತಿಗೆಯ ಮೇಲೆ ಸೇರಿದವನು ನಾನು. ಪಾನಾ ಹಿಡಿದು ನಟ್ಟು ತಿರುವಿದಾಗಲೆಲ್ಲ ನೀರು ಮುಗಿಲಿಗೆ ಹಾರಿದ್ದರಿಂದ ಸಾಹೇಬರು ನನ್ನ ಕೈಗೆ ಮೈಕು ಕೊಟ್ಟರು. ಅದರಲ್ಲಿ ಹಾನಿ ಕಡಿಮೆ. ಯಾರೂ ಕೇಳುವುದಿಲ್ಲ. ನಮ್ಮವ್ವ ಕೂಡ ನನ್ನ ದನಿ ಕಿವಿಗೆ ಬಿದ್ದರೆ ನೀರು ಬರುವ ಹೊತ್ತಾಯಿತೆಂದು ಕೊಡ ತೊಳೆಯಲು ಏಳುತ್ತಾಳೆಯೇ ಹೊರತು, ಮಗ ಏನು ಒದರುತ್ತಿದ್ದಾನೆಂದು ಒಂದು ದಿನವೂ ವಿಚಾರಿಸಿದವಳಲ್ಲ.

ನನ್ನ ಮೈಕಿಗೆ ಉತ್ತರ ಕೊಡುತ್ತಿದ್ದವಳು ಊರಿಗೆಲ್ಲ ಒಬ್ಬಳೇ, ಮರಿಲಿಂಗಮ್ಮ. ನಮ್ಮದೇ ಓಣಿಯವಳು, ನನಗೆ ದೊಡ್ಡವ್ವ ಆಗಬೇಕು. ಬೇವಿನ ಗಿಡದ ಕೆಳಗೆ ನಮ್ಮ ಓಣಿಯ ದೇವಿ ಮರೆಮ್ಮನ ಕಟ್ಟೆ, ಕಟ್ಟೆಯ ಬಾಜೂಕ್ಕೆ ಓಣಿಯ ನಳ. ಆಟೋ ಅಲ್ಲಿಗೆ ಬಂದ ಕೂಡಲೇ ಎಲೆಯಡಿಕೆ ಒಂದು ಕಡೆಗೆ ಸರಿಸಿ, ಮೋಟಾರಿನ ಕಾನೂನು ನಮಗ್ಯಾಕ ಹೇಳ್ತೀ, ಮೋಟಾರು ಇದ್ದವರ ಓಣಿಯಾಗ ಮೈಕ್ ಬಂದ್ ಮಾಡಿಕೊಂಡು ಹೋಗ್ತೀ ಎಂದು ಕೇಳುತ್ತಿದ್ದಳು. ಅದು ಖರೆಯೇ. ಆ ಓಣಿಯಲ್ಲಿ ನನ್ನ ಮೈಕು ಯಾಕೋ ಕೆಡುತ್ತಿತ್ತು.

ನಮ್ಮ ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಮರಿಲಿಂಗಮ್ಮನ ತವರು ಗೋಗಿ. ಇಲ್ಲಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಕೃಷ್ಣೆಯ ಕಾಲುವೆ ಅಗೆಯುವ ಕೆಲಸ ನಡೆದಿತ್ತು. ಗಂಡ ಈಶಪ್ಪನ ಜೊತೆ ದೇವಾಪುರದ ಕಡೆ ಗುಡಿಸಲು ಹಾಕಿಕೊಂಡು ಬುಟ್ಟಿ ಮಣ್ಣು ಹೊತ್ತಳು. ಚೊಚ್ಚಲ ಕೂಸನ್ನು ಜಾಲಿ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ತೂಗುತ್ತಲೇ ಹೊತ್ತಳಂತೆ. ಈಶಪ್ಪ ತೀರಿಕೊಂಡ ಮೇಲೂ ಕಾಲುವೆಯ ಸುದ್ದಿ ಬಂದರೆ ಅವಳು ಅದನ್ನು ಸರಕಾರದ್ದು ಎಂದು ಒಪ್ಪುತ್ತಿರಲಿಲ್ಲ. ನಂದೂ ಅದರಾಗ ಮಣ್ಣು ಅದ ಎನ್ನುತ್ತಿದ್ದಳು.

ಕಾಲುವೆಗೂ ಮೊದಲು ನಮ್ಮ ಓಣಿಯವರಿಗೆ ನೀರೆಂದರೆ ಮೇಲಿನ ಓಣಿಯ ಬಾವಿ. ಹಗ್ಗ ಮುಟ್ಟುವಂತಿರಲಿಲ್ಲ. ಕೊಡ ದೂರ ಇಟ್ಟು ನಿಲ್ಲಬೇಕು, ಯಾರಾದರೂ ಸೇದಿ ಮೇಲಿನಿಂದ ಸುರಿದರೆ ತುಂಬಿತು. ಸುರಿಯುವವರು ಬರದಿದ್ದರೆ ಹೊತ್ತು ನೆತ್ತಿಗೆ ಬರುವವರೆಗೂ ನಿಂತೇ ಇರಬೇಕು. ಕಾಲುವೆ ಬಂದು, ಊರಿಗೆ ನೀರಿನ ಟಾಕಿ ಕಟ್ಟಿ, ಕಟ್ಟೆಯ ಪಕ್ಕ ನಳ ಹಾಕಿದ ದಿನ ಅದರ ತೋಟಿ ತಿರುವಿ ನೀರು ಬಿಟ್ಟವಳು ಮರಿಲಿಂಗಮ್ಮ. ಮೊದಲ ಕೊಡವನ್ನು ಮರೆಮ್ಮನಿಗೆ ಕೊಟ್ಟು, ಉಳಿದ ನೀರಿಗೆ ಭಂಡಾರದ ಅರಿಶಿನ ಬೆರೆಸಿ ಓಣಿಯ ಹುಡುಗರ ಅಂಗೈಗೆ ಹಾಕಿದಳು. ಅವತ್ತಿನಿಂದ ನೀರು ಬಿಡುವ ಪ್ರತಿ ಪಾಳಿಗೂ ಅದೇ ಪದ್ಧತಿ. ಅವಳ ಕೊಡ ತುಂಬದೆ ಇನ್ನೊಂದು ಕೊಡ ನಳದ ಕೆಳಗೆ ಹೋಗುತ್ತಿರಲಿಲ್ಲ. ಯಾರೂ ಮ್ಯಾಲಿಂದ ಸುರೀಲಾರದ ನೀರು ಎಂದು ಅದಕ್ಕೆ ಅವಳೇ ಹೆಸರಿಟ್ಟಿದ್ದಳು. ನಾನೂ ಆ ಹಳದಿ ನೀರು ಕುಡಿದೇ ಬೆಳೆದವನು. ಬೆಳೆದು ದೊಡ್ಡವನಾಗಿ, ಮೊದಲ ಹತ್ತು ನಿಮಿಷದ ನೀರು ಕುಡಿಯಬಾರದೆಂದು ಅದೇ ಕಟ್ಟೆಯ ಮುಂದೆ ಒದರುತ್ತಿದ್ದೆ. ಎರಡಕ್ಕೂ ಸಂಬಂಧವಿದೆಯೆಂದು ನನಗೇ ಹೊಳೆದಿರಲಿಲ್ಲ. ಇನ್ನು ಕೇಳುವವರ ತಪ್ಪೇನು?

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಕಾಲುವೆಗೆ ನೀರು ಬಂದ್ ಆಯಿತು. ಟಾಕಿಯಲ್ಲಿದ್ದುದನ್ನು ಹಿಗ್ಗಿಸಲು ಐದು ದಿನಕ್ಕೊಮ್ಮೆ ಪಾಳಿ ಮಾಡಿದರು. ನಡುವಿನ ದಿನಗಳಲ್ಲಿ ಪೈಪು ಒಣಗಿ ಬಿದ್ದಿರುತ್ತಿತ್ತು. ಅದೇ ಚಳಿಗಾಲದಲ್ಲಿ ನಮ್ಮ ಓಣಿಗೆ ಹೊಸ ಸಿಮೆಂಟಿನ ಚರಂಡಿಯೂ ಬಂದಿತ್ತು. ನಮ್ಮ ಓಣಿಗೂ ಗಟಾರ ಬಂತೆಂದು ನಾವೆಲ್ಲ ಖುಷಿಪಟ್ಟಿದ್ದೆವು.

ಒಂದು ಪಾಳಿಯ ಮರುದಿನ ಸುಂದ್ರಮ್ಮನ ಮಗಳು ಚಂದಮ್ಮ ವಾಂತಿ ಮಾಡತೊಡಗಿದಳು. ಸುಂದ್ರಮ್ಮ ಹತ್ತಿ ಬಿಡಿಸುವ ಕೂಲಿಯವಳು, ಕಟ್ಟೆಯಿಂದ ಮೂರನೆಯ ಮನೆ, ಇರುವುದು ಅದೊಂದೇ ಮಗಳು. ಆರು ವರ್ಷದ ಕೂಸು ಸಂಜೆಗೆ ಕಣ್ಣು ಗುಳಿಬಿದ್ದು ಮಾತು ನಿಲ್ಲಿಸಿತು. ಸುರಪುರದ ದವಾಖಾನೆಗೆ ಒಯ್ದು ಸಲಾಯಿನ್ ಹಚ್ಚಿದರು. ಮುಂದಿನ ಎರಡು ದಿನಗಳಲ್ಲಿ ಇನ್ನೂ ಇಬ್ಬರು ಹುಡುಗರು ಅದೇ ವಾರ್ಡಿಗೆ ಸೇರಿದರು. ಅವರಿಬ್ಬರೂ ಎದ್ದು ಕೂತರು. ಚಂದಮ್ಮ ಏಳಲಿಲ್ಲ. ನೀರಿನಿಂದಲೇ ಬಂದದ್ದು, ಇನ್ನೊಮ್ಮೆ ಅಂಥ ನೀರು ಹೊಟ್ಟೆಗೆ ಹೋದರೆ ಕೂಸು ತಡೆಯುವುದಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು.

ಮುಂದಿನ ಪಾಳಿಯ ದಿನ ಬೆಳಿಗ್ಗೆಯಿಂದ ಫಿಟ್ಟರ್ ಸರದಾರಸಾಬ ಮತ್ತು ನಾನು ಪೈಪು ಎಲ್ಲಿ ಕೆಟ್ಟಿದೆಯೆಂದು ಓಣಿ ಹುಡುಕಿದೆವು. ಒಣ ಪೈಪು ಏನು ಹೇಳೀತು? ಎಲ್ಲರ ಮನೆಯ ನೀರೂ ಅದೇ ನಳದ್ದು, ದೊಡ್ಡವರೆಲ್ಲ ಗಟ್ಟಿಯಾಗಿದ್ದಾರೆ, ಮಲಗಿದ್ದು ಮೂರು ಮಕ್ಕಳು ಮಾತ್ರ. ನಾನು ಓಣಿಯ ವಾಲ್ವು ಮುಚ್ಚಿಬಿಡೋಣ ಎಂದೆ. ಸರದಾರಸಾಬ ಬೇಡವೆಂದ. ಮುಚ್ಚಿದರೆ ಹೆಂಗಸರು ಕಾಲುವೆಯ ತಳದಲ್ಲಿ ನಿಂತ ಹಸಿರು ನೀರು ತರುತ್ತಾರೆ, ಮೂವರು ಹೋಗಿ ಮೂವತ್ತು ಜನ ಮಲಗುತ್ತಾರೆ. ನೀರು ಬಿಟ್ಟಾಗಲೇ ಎಲ್ಲಿ ಒಡೆದಿದೆಯೆಂದು ಕಾಣುವುದು. ತಾನು ವಾಲ್ವು ಬಿಟ್ಟು ಲೈನು ನೋಡುತ್ತ ಬರುತ್ತೇನೆ, ಅಲ್ಲಿಯವರೆಗೆ ಒಂದು ಹನಿಯೂ ಯಾರ ಬಾಯಿಗೂ ಹೋಗಬಾರದು ಎಂದ.

"ಖಾಲಿ ಪೈಪ್ ಅಂದ್ರ ಹಸಿದ ಎಮ್ಮಿ ಇದ್ದಂಗ, ಬೇಟಾ. ಬಾಜೂಕ ಏನಿದ್ರೂ ಎಳಕೊಂತದ. ನೀರು ಬಂದ ಕೂಡ್ಲೆ ಅದನ್ನೇ ಮೊದ್ಲ ಹೊರಗ ಹಾಕ್ತದ."

ಇಷ್ಟು ಹೇಳಿ ಅವನು ವಾಲ್ವಿನ ಕಡೆ ನಡೆದ. ಓಣಿ ಕಾಯಲು ಉಳಿದವನು ನಾನು, ನನ್ನ ಮೈಕು.

ಕಟ್ಟೆಯ ಮುಂದೆ ಕೊಡಗಳ ಸಾಲು ಆಗಲೇ ಬೇವಿನ ನೆರಳು ದಾಟಿತ್ತು. ಮರಿಲಿಂಗಮ್ಮ ಮಿಂದು, ಒದ್ದೆ ಕೂದಲಿಗೆ ಸೆರಗು ಹೊದ್ದು, ತಾಮ್ರದ ಕೊಡ ಹಿಡಿದು ನಳದ ಮುಂದೆ ನಿಂತಿದ್ದಳು. ನಾನು ಮೈಕಿನಲ್ಲಿ ಓದಿದೆ, ಕುಡಿಯಲು ಉಪಯೋಗಿಸತಕ್ಕದ್ದಲ್ಲ ಎಂಬುದನ್ನು ಎರಡು ಸಲ ಓದಿದೆ. ಇವನ ಕಾನೂನು ಕೇಳಿದರೆ ನೀರು ನೋಡಿಯೇ ನೀರಡಿಕೆ ಕಳಕೋಬೇಕು ಎಂದು ಸಾಲಿನಲ್ಲಿದ್ದ ಹಣಮಂತಮ್ಮ ಅಂದಳು, ಸಾಲಿಗೆ ಸಾಲೇ ನಕ್ಕಿತು. ಅಷ್ಟರಲ್ಲಿ ಓಣಿಯ ಮಕ್ಕಳು ಓಡಿಬಂದು ಕಟ್ಟೆಯ ಸುತ್ತ ಅಂಗೈ ಚಾಚಿ ನಿಂತವು. ಅವುಗಳ ಹಿಂದೆ ಸುಂದ್ರಮ್ಮ. ದವಾಖಾನೆಯಿಂದ ನೇರ ಬಂದಿದ್ದಳು. ನಾಲ್ಕು ದಿನದಿಂದ ತಲೆ ಬಾಚಿರಲಿಲ್ಲ. ಕೈಯಲ್ಲಿ ಔಷಧದ ಖಾಲಿ ಬಾಟಲಿ. ಮಗಳಿಗೆ ಮರೆಮ್ಮನ ನೀರು ಕುಡಿಸಿದರೆ ಏಳುತ್ತಾಳೆ, ಅದಕ್ಕೇ ಬಂದೆ ಎಂದಳು.

ಚಾಚಿದ ಆ ಅಂಗೈಗಳನ್ನು ಕಂಡಾಗ ನನಗೆ ತಿಳಿಯಿತು. ದೊಡ್ಡವರು ಯಾರೂ ಮೊದಲ ನೀರು ಕುಡಿದಿರಲಿಲ್ಲ. ಕುಡಿದದ್ದು ಮಕ್ಕಳು. ಭಂಡಾರ ಬಿದ್ದ ಮೇಲೆ ಆ ನೀರಿನ ಬಣ್ಣವಾಗಲಿ ವಾಸನೆಯಾಗಲಿ ಯಾರಿಗೆ ಗೊತ್ತಾಗಬೇಕು?

ತೋಟಿಯೊಳಗೆ ಗಾಳಿ ಬುಸುಗುಟ್ಟಿತು. ಕೆಮ್ಮಿ ಕೆಮ್ಮಿ ನೀರು ಬಂತು. ತಾಮ್ರದ ಕೊಡ ತುಂಬುತ್ತಿತ್ತು. ಮೈಕಿನಲ್ಲಿ ಹೇಳಿದರೆ ಓಣಿಗೆಲ್ಲ ಗೊತ್ತಾಗುತ್ತದೆ, ಯಾರ ಕೈಯ ನೀರು ಕುಡಿದು ಮಕ್ಕಳು ಮಲಗಿದವೆಂದು. ಹೇಳದಿದ್ದರೆ ಬಾಟಲಿ ದವಾಖಾನೆಗೆ ಹೋಗುತ್ತದೆ. ನಾನು ಮೈಕು ಆಟೋದಲ್ಲಿ ಎಸೆದು, ಹೋಗಿ ಕೊಡದ ಬಾಯಿಗೆ ಅಂಗೈ ಅಡ್ಡ ಇಟ್ಟೆ. ಮರೆಮ್ಮನ ಕೊಡ ಮುಟ್ಟಿದವರು ಅದುವರೆಗೆ ಯಾರೂ ಇರಲಿಲ್ಲ. ಸಾಲಿನ ನಗೆ ನಿಂತಿತು.

"ಕೈ ತಗಿ, ಯಂಕ್ಯಾ," ಎಂದಳು ಮರಿಲಿಂಗಮ್ಮ.

ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. "ದೊಡ್ಡವ್ವ, ಚಂದಮ್ಮ ಇದನ್ನೇ ಕುಡದಾಳ. ಮೂರೂ ಹುಡುಗ್ರು ಇದನ್ನೇ ಕುಡದಾವ."

"ನೀನೂ ಕುಡದೇ ಬೆಳದೀ. ಸತ್ತೇನು?"

"ಆಗ ಗಟಾರ ಇದ್ದಿಲ್ಲ."

ಅವಳು ತಲೆಯೆತ್ತದೆ, ಕಣ್ಣು ಮಾತ್ರ ಹೊರಳಿಸಿ, ನಳದ ಬುಡಕ್ಕೆ ಅಂಟಿಕೊಂಡೇ ಹರಿಯುವ ಹೊಸ ಚರಂಡಿಯನ್ನು ನೋಡಿದಳು. ಆಮೇಲೆ ಕೊಡ ಬಗ್ಗಿಸಿ, ಭಂಡಾರವಿಲ್ಲದ ಬರೀ ನೀರನ್ನು ಅಂಗೈಗೆ ಹಾಕಿಕೊಂಡು ಮೂಗಿನ ಹತ್ತಿರ ಹಿಡಿದಳು. ಗಟಾರದ ನಾತ ನನ್ನ ಮೂಗಿಗೂ ಬಂತು. ಅವಳ ತುಟಿ ಬಿಳಿಚಿದ್ದು ನನಗೊಬ್ಬನಿಗೇ ಕಂಡಿತು.

ಸುಂದ್ರಮ್ಮ ಬಾಟಲಿ ಮುಂದೆ ಹಿಡಿದಳು. "ಯವ್ವಾ, ಜಲ್ದಿ ಹಾಕು. ಬಸ್ ಹೋಗ್ತದ."

ಮರಿಲಿಂಗಮ್ಮ ಹಾಕಲಿಲ್ಲ. ಕೇಳಿದಳು, "ಸುಂದ್ರಾ, ದೂರದಿಂದ ಯಾರರೆ ಮನಿಗಿ ಬಂದ್ರ ಮೊದಲ ಏನ ಕೊಡ್ತೀ?"

ಸುಂದ್ರಮ್ಮನಿಗೆ ಸಿಟ್ಟು ಬಂತು. ಇದೇನು ಕೇಳುವ ಹೊತ್ತೇ ಎಂದಳು. ಹಿಂದಿನಿಂದ ಹಣಮಂತಮ್ಮನೇ ಹೇಳಿದಳು, ಕಾಲಿಗಿ ನೀರು ಕೊಡ್ತೀವಿ, ಮತ್ತೇನು.

"ಆ ನೀರು ಯಾರರೆ ಕುಡೀತಾರೇನು? ಮರೆಮ್ಮ ಕೃಷ್ಣಿ ದಂಡಿಲಿಂದ ಕಾಲುವಿ ಹಿಡದು, ಐದ ದಿನದ ಹಾದಿ ಸವಸಿ ಬರ್ತಾಳ. ಅಕಿಗಿ ಕಾಲಿಗಿ ಕೊಡೂದು ಬಿಟ್ಟು ಬಾಯಿಗಿ ಕೊಟ್ಟೀನಿ ನಾನು. ತಪ್ಪಾಗ್ಯದ."

ಹೇಳುತ್ತಲೇ ತುಂಬಿದ ಕೊಡವನ್ನು ಕಟ್ಟೆಯ ಹೊರಗೆ ಮರೆಮ್ಮನ ಪಾದ ಕೆತ್ತಿದ ಕಲ್ಲಿನ ಮೇಲೆ ಬೋರಲು ಹಾಕಿದಳು. ನೀರು ಬೇವಿನ ಬುಡಕ್ಕೆ ಹರಿಯಿತು. ತೋಟಿ ಬಂದ್ ಮಾಡಲಿಲ್ಲ, ಇನ್ನೊಂದು ಕೊಡ ಇಡಲೂ ಬಿಡಲಿಲ್ಲ. ಅಂಥ ಬೇಸಿಗೆಯಲ್ಲಿ ನೀರು ಸುಮ್ಮನೆ ಹರಿಯುವುದನ್ನು ನೋಡಿ ಸಾಲು ಎದ್ದು ನಿಂತಿತು. ಮುದುಕಿಗೆ ತಲೆ ಕೆಟ್ಟಿದೆ ಎಂದರು, ನನ್ನ ಕಾಲರಿಗೂ ಕೈ ಹಾಕಿದರು. ಅವಳು ನಳದ ಮುಂದೆ ಅಡ್ಡ ನಿಂತು, ಮರೆಮ್ಮನ ಪದ ಹಾಡತೊಡಗಿದಳು. ಪದ ನಡೆದಾಗ ಮರೆಮ್ಮನ ಮುಂದೆ ಯಾರೂ ದಾಟುವಂತಿಲ್ಲ. ಬೈಯುತ್ತಲೇ ಎಲ್ಲರೂ ನಿಂತರು. ಅದು ಉದ್ದದ ಪದ. ಮುಗಿಯುವ ಹೊತ್ತಿಗೆ ನೀರು ತಿಳಿಯಾಗಿತ್ತು. ಆದರೂ ಆ ದಿನ ಯಾರೂ ಕಾಯಿಸದೆ ಕುಡಿಯಬಾರದು, ಕುಡಿದರೆ ಮರೆಮ್ಮನ ಆಣೆ ಎಂದಳು. ನನ್ನ ಕಾನೂನಿಗೆ ಅಂಥ ಆಣೆ ಇರಲಿಲ್ಲ.

ಸುಂದ್ರಮ್ಮ ಇನ್ನೂ ಬಾಟಲಿ ಹಿಡಿದೇ ಇದ್ದಳು. ಈಗಲಾದರೂ ಹಾಕು ಎಂದಳು.

"ಇವತ್ತು ಇಲ್ಲ. ಮ್ಯಾಲಿಂದ ಬೀಳೂ ನೀರು ನನಗ ಆಗಿ ಬರೂದಿಲ್ಲ, ನಿನಗ ಗೊತ್ತದ. ಆದ್ರ ದವಾಖಾನ್ಯಾಗ ತೂಗಬಿಟ್ಟಾರಲ್ಲ ಬಾಟ್ಲಿ, ಅದು ಬೀಳಲಿ. ಮರೆಮ್ಮ ಅದರಾಗ ಅದಾಳ. ಹೋಗು."

ಸುಂದ್ರಮ್ಮ ಖಾಲಿ ಬಾಟಲಿಯನ್ನು ಕಟ್ಟೆಯ ಮೇಲೆ ಕುಕ್ಕಿ ಹೋದಳು. ತಿರುಗಿ ನೋಡಲಿಲ್ಲ.

ಸರದಾರಸಾಬ ಬಂದು ಚರಂಡಿಯ ಅಂಚು ಒಡೆದಾಗ ಕಂಡಿತು. ನಳಕ್ಕೆ ಬರುವ ಪೈಪು ಸರಿಯಾಗಿ ಚರಂಡಿಯ ಹೊಟ್ಟೆಯಲ್ಲೇ ಮಲಗಿತ್ತು, ಸಂದಿನಲ್ಲಿ ಬಿರುಕು. ಚರಂಡಿಯೊಳಗೆ ಪೈಪು ಹಾಯಿಸಬಾರದೆಂದು ನಾನು ಊರಿಗೆಲ್ಲ ಹೇಳಿದ್ದೆ. ಇಲ್ಲಿ ಪೈಪು ಹೋಗಿರಲಿಲ್ಲ, ಚರಂಡಿಯೇ ಅದರ ಮೇಲೆ ಬಂದು ಕೂತಿತ್ತು. ಆ ಬಗ್ಗೆ ನನ್ನ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ಬಿರುಕು ಬಿಟ್ಟ ತುಂಡು ತೆಗೆದು, ಪೈಪು ಎತ್ತರಿಸಿ ಚರಂಡಿಯ ಮೇಲಿನಿಂದ ಹಾಯಿಸಿದೆವು. ನಾನು ಪಾನಾ ಎತ್ತಿಕೊಟ್ಟೆ. ಸರದಾರಸಾಬ ಅದಕ್ಕಿಂತ ಹೆಚ್ಚಿನದನ್ನು ನನ್ನಿಂದ ಬಯಸಲಿಲ್ಲ.

ಮರಿಲಿಂಗಮ್ಮ ಪೂರ್ತಿ ಹೊತ್ತು ಗುಂಡಿಯ ಅಂಚಿನಲ್ಲಿ ಕೂತಿದ್ದಳು.

"ನಾನೇ ಕೊಟ್ಟೆನಲ್ಲೋ," ಎಂದಳು.

ಬಿರುಕು ಬಿಟ್ಟಿದ್ದು ಪೈಪು, ಕಟ್ಟಿದವರು ಬೇರೆ, ನಿನ್ನ ತಪ್ಪೇನಿದೆ ಎಂದೆಲ್ಲ ನಾನು ಹೇಳಿದೆ.

"ಕೈ ನಂದು," ಎಂದಳು. ನಾನು ಗುಂಡಿಗೆ ಮಣ್ಣು ಎಳೆಯತೊಡಗಿದೆ.

ಮುಂದಿನ ದಿನಗಳು ಹೇಗೆ ಹೋದವೋ. ಸುರಪುರದ ಬಸ್ಸು ಬಂದಾಗಲೆಲ್ಲ ಅವಳು ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದಳು, ಇಳಿದವರ ಮುಖ ನೋಡಿ ಕೂರುತ್ತಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ. ಚಂದಮ್ಮ ಕಣ್ಣು ಬಿಟ್ಟಳು ಎಂದು ಒಬ್ಬರು, ಇಲ್ಲ ಕಲಬುರಗಿಗೆ ಒಯ್ಯುತ್ತಾರಂತೆ ಎಂದು ಇನ್ನೊಬ್ಬರು. ಕೊನೆಗೊಂದು ಮಧ್ಯಾಹ್ನ ಸುಂದ್ರಮ್ಮ ಬಸ್ಸಿನಿಂದ ಇಳಿದಳು. ಹೆಗಲ ಮೇಲಿದ್ದ ಕೂಸು ಬಿಸಿಲಿಗೆ ಕಣ್ಣು ಕಿವುಚಿ ಅಳುತ್ತಿತ್ತು. ಅಷ್ಟು ಚಂದದ ಅಳು ನಾನು ಕೇಳಿಲ್ಲ.

ಮರಿಲಿಂಗಮ್ಮ ಆ ಸಂಜೆಯೇ ಸುಂದ್ರಮ್ಮನ ಮನೆಗೆ ಹೊರಟಳು. ಓಣಿಯವರು ಪೈಪಿನ ಮಾತಷ್ಟೇ ಆಡುತ್ತಿದ್ದರು, ಅವಳ ಕೊಡದ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಸುಮ್ಮನಿದ್ದರೆ ಸುಮ್ಮನೆ ಹೋಗುತ್ತಿತ್ತು. ಬೇಡ ದೊಡ್ಡವ್ವ ಎಂದು ನಾನು ಹಿಂದೆ ಹಿಂದೆ ಹೋದೆ. ಅವಳು ಬಾಗಿಲ ಹೊರಗೇ ನಿಂತು, ಕೂರದೆ, ಹೇಳಿಬಿಟ್ಟಳು. ಆ ಪಾಳಿಯ ಮೊದಲ ನೀರು ಗಟಾರದ್ದಿತ್ತು, ಅದನ್ನು ನಿನ್ನ ಮಗಳ ಅಂಗೈಗೆ ಹಾಕಿದ್ದು ನಾನು, ಮುಂದೆ ನನ್ನ ಕೈಯಿಂದ ಯಾವ ಕೂಸಿಗೂ ನೀರು ಬೇಡವೆಂದರೆ ಬೇಡ ಅನ್ನು.

ಸುಂದ್ರಮ್ಮ ಗೋಡೆಗೆ ಒರಗಿ ಕೂತಿದ್ದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಎದ್ದು ಒಳಗೆ ಹೋಗಿ ಚಂಬು ತಂದು, ಹೊಸ್ತಿಲ ಹೊರಗೆ ಅವಳ ಮುಂದೆ ಇಟ್ಟಳು. ಕಾಲಿಗೆ ನೀರು. ಇಟ್ಟು ಮತ್ತೆ ಒಳಗೆ ಹೋದಳು.

ಮರಿಲಿಂಗಮ್ಮ ಕಾಲು ತೊಳೆದಳು. ತೊಳೆದು, ಒದ್ದೆ ಕಾಲಲ್ಲೇ ಹೊಸ್ತಿಲ ಹೊರಗೆ ನಿಂತಳು. ಕುಡಿಯುವ ನೀರು ಕೊಡುತ್ತಾರೋ ಇಲ್ಲವೋ, ಕರೆಯುತ್ತಾರೋ ಇಲ್ಲವೋ. ಕಾಲ ಮೇಲಿನ ನೀರು ಆರಿತು. ನಾನು ಹೋಗೋಣವೆಂದು ಅವಳ ಸೆರಗು ಜಗ್ಗಿದೆ, ಅವಳು ಕದಲಲಿಲ್ಲ.

ಒಲೆಯ ಮೇಲೆ ನೀರು ಕಾಯಿಸಿ ಆರಿಸುವಷ್ಟು ಹೊತ್ತು ಹಿಡಿಯಿತು, ಅಷ್ಟೇ. ಸುಂದ್ರಮ್ಮ ಕುಡಿಯುವ ನೀರಿನ ಎರಡನೆಯ ಚಂಬು ಹಿಡಿದು ಬಂದಳು. ಅವಳ ಸೆರಗು ಹಿಡಿದು ಚಂದಮ್ಮನೂ ನಡೆದು ಬಂದಿದ್ದಳು.